ಉಸುಕಿನ ಜಮಾ-ಖರ್ಚು

ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ ಕಡೆ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತೆಂದರೆ ಬೆಳಗಾವಿಯ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ. ಚಿಕ್ಕೋಡಿ, ನಿಪ್ಪಾಣಿ ಭಾಗದಲ್ಲಿ ಮುಳುಗಿದ ಕೆಳಮಟ್ಟದ ಸೇತುವೆ-ಬಾಂದಾರಗಳ ಪಟ್ಟಿ ಅದು. ಅದರ ಬೆನ್ನಿಗೇ ರಾಜಾಪುರ ಬ್ಯಾರೇಜಿನಿಂದ ಇಷ್ಟು ಸಾವಿರ ಕ್ಯುಸೆಕ್, ದೂಧಗಂಗೆಯಿಂದ ಇಷ್ಟು, ಹಿಪ್ಪರಗಿಯಿಂದ ಹೊರಕ್ಕೆ ಇಷ್ಟು ಎಂಬ ಅಂಕಿಗಳು. ನೀರಿನ ವಿಷಯದಲ್ಲಿ ನಾವು ಇಷ್ಟು ಚೊಕ್ಕ. ಆದರೆ ಅದೇ ನೀರು ಆ ದಿನ ಎಷ್ಟು ಉಸುಕು ಹೊತ್ತು ತಂದಿತು, ಎಲ್ಲಿ ಇಳಿಸಿತು, ಎಲ್ಲಿಂದ ಕಿತ್ತುಕೊಂಡು ಹೋಯಿತು ಎಂಬ ಸಾಲು ಆ ಪಟ್ಟಿಯಲ್ಲಿ ಇರುವುದಿಲ್ಲ. ನದಿಯ ತಳ ಎಂಬುದು ಕಾಂಕ್ರೀಟ್ ಹಾಕಿದ ಕಾಲುವೆಯ ತಳದಂತೆ ಇದ್ದಲ್ಲೇ ಇರುತ್ತದೆ ಎಂದು ನಾವೆಲ್ಲ ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ.

ಅದು ಇದ್ದಲ್ಲಿ ಇರುವುದಿಲ್ಲ. ಒಂದೇ ಮಹಾಪೂರದಲ್ಲಿ ಒಂದು ಕಡೆ ಮಡು ಬೀಳುತ್ತದೆ, ಇನ್ನೊಂದು ಕಡೆ ದಿಬ್ಬ ಏಳುತ್ತದೆ. ಜಾಕ್‌ವೆಲ್ಲಿನ ನೀರೆತ್ತುವ ಪೈಪು ಒಂದು ವರ್ಷ ರೇವೆಯಲ್ಲಿ ಹೂತುಹೋಗುತ್ತದೆ, ಮತ್ತೊಂದು ವರ್ಷ ನೀರು ಸಿಗದೆ ತೂಗಾಡುತ್ತದೆ. ಈ ಏರಿಳಿತವನ್ನು ಮುಂಚಿತವಾಗಿ ಲೆಕ್ಕ ಹಾಕಬಹುದೇ? ಹಾಕಬಹುದು. ಅದಕ್ಕೆ ಬೇಕಾದ ಸಮೀಕರಣ ನೂರು ವರ್ಷ ಹಳೆಯದು, ಬಹಳ ಸರಳವಾದದ್ದು. ಕಷ್ಟ ಬೇರೆ ಕಡೆ ಇದೆ.

ರಾಯಬಾಗ ತಾಲ್ಲೂಕನ್ನೇ ನೋಡಿ. ಅಲಖನೂರಿನಂಥ ಊರಿಗೆ ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ಘಟಪ್ರಭೆ. ನಡುವೆ ಯರಿ ಭೂಮಿ, ಮಡ್ಡಿ, ಕಬ್ಬು. ಎರಡೂ ನದಿಗಳು ಸಹ್ಯಾದ್ರಿಯಲ್ಲಿ ಹುಟ್ಟಿದವು, ಎರಡಕ್ಕೂ ಮೇಲೆ ಅಣೆಕಟ್ಟುಗಳಿವೆ. ಘಟಪ್ರಭೆಗೆ ಹಿಡಕಲ್, ಅದರ ಕೆಳಗೆ 1897ರ ಧೂಪದಾಳ ಒಡ್ಡು. ಹೂಳು ತುಂಬಿ ಆಳ ಕಳೆದುಕೊಂಡ ಆ ಒಡ್ಡಿನ ಹಿನ್ನೀರು ಈಗ ಪಕ್ಷಿಧಾಮ. ಕೃಷ್ಣೆಯ ಕಥೆ ಇನ್ನೂ ತೊಡಕಿನದು. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ, ಕಲ್ಲೋಳ-ಯಡೂರದ ಹತ್ತಿರ ದೂಧಗಂಗಾ ಒಂದೊಂದಾಗಿ ಸೇರಿಕೊಂಡು ಅದು ನಮ್ಮ ಕಡೆ ಬರುತ್ತದೆ. ಈ ಒಂದೊಂದು ಉಪನದಿಯ ಮೇಲೋ ಅದರ ಕವಲಿನ ಮೇಲೋ ಅಣೆಕಟ್ಟು ಇದೆ. ಕೊಯ್ನಾ ಒಂದೇ ಸುಮಾರು 105 ಟಿಎಂಸಿ ನೀರು ಹಿಡಿಯುತ್ತದೆ. ನೀರನ್ನು ಹಿಡಿಯುವ ಅಣೆಕಟ್ಟು ಉಸುಕನ್ನೂ ಹಿಡಿಯುತ್ತದೆ. ನೀರನ್ನಾದರೂ ಆಮೇಲೆ ಬಿಡುತ್ತದೆ, ಉಸುಕನ್ನು ಬಿಡುವುದಿಲ್ಲ. ಇನ್ನು ಕೆಳಗೆ ಹಿಪ್ಪರಗಿ ಬ್ಯಾರೇಜು, 524.87 ಮೀಟರ್ ಮಟ್ಟಕ್ಕೆ 6 ಟಿಎಂಸಿ ನಿಲ್ಲಿಸುತ್ತದೆ. ಅದರ ಕೆಳಗೆ ಆಲಮಟ್ಟಿ. ಹೀಗೆ ರಾಜಾಪುರದಿಂದ ಹಿಪ್ಪರಗಿಯವರೆಗಿನ ಕೃಷ್ಣೆಯ ಎರಡೂ ತುದಿಗಳು ಮನುಷ್ಯನ ಕೈಯಲ್ಲಿವೆ. ನಡುವೆ ಉಳಿದಿರುವುದು ನದಿ. 2019ರ ಬೇಸಿಗೆಯಲ್ಲಿ ಅಥಣಿ, ಚಿಕ್ಕೋಡಿ ಭಾಗದಲ್ಲಿ ಅದು ಒಣಗಿ ತಳ ಕಾಣಿಸಿತ್ತು, ಕೊಯ್ನೆಯಿಂದ ನೀರು ಬಿಡಿ ಎಂದು ಕರ್ನಾಟಕ ಕೇಳುತ್ತಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಊರುಗಳು ನೀರಿನಲ್ಲಿದ್ದವು.

ಉಸುಕು ಯಾವಾಗ ಕದಲುತ್ತದೆ ಎಂಬುದರಿಂದ ಲೆಕ್ಕ ಶುರು ಮಾಡೋಣ. ಹರಿಯುವ ನೀರು ತಳವನ್ನು ಉಜ್ಜುತ್ತದೆ. ಆ ಉಜ್ಜುವ ಬಲ ನೀರಿನ ಆಳವನ್ನೂ ನದಿಯ ಇಳಿಜಾರನ್ನೂ ಅವಲಂಬಿಸಿದೆ. ಕಾಳನ್ನು ಹಿಡಿದಿಟ್ಟಿರುವುದು ಅದರ ತೂಕ. ಈ ಎರಡರ ಅನುಪಾತ ಎಷ್ಟಾದಾಗ ಕಾಳು ಉರುಳುತ್ತದೆ ಎಂಬುದನ್ನು 1936ರಲ್ಲಿ ಬರ್ಲಿನ್ನಿನಲ್ಲಿ ಆಲ್ಬರ್ಟ್ ಶೀಲ್ಡ್ಸ್ ಎಂಬ ಅಮೆರಿಕನ್ ವಿದ್ಯಾರ್ಥಿ ಪ್ರಯೋಗ ಮಾಡಿ ತೋರಿಸಿದ. ಊರಿಗೆ ಮರಳಿದ ಮೇಲೆ ಅವನಿಗೆ ನದಿಗಳ ಕೆಲಸ ಸಿಗಲಿಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಯಂತ್ರಗಳ ಕಂಪನಿಯಲ್ಲಿ ಜೀವನ ಕಳೆದ. ಅವನ ಹೆಸರಿನ ರೇಖಾಚಿತ್ರ ಮಾತ್ರ ಜಗತ್ತಿನ ಎಲ್ಲ ನದಿ ಎಂಜಿನಿಯರುಗಳ ಮೇಜಿನ ಮೇಲಿದೆ.

ಕೃಷ್ಣೆಯಂಥದ್ದೇ ಒಂದು ನದಿಯನ್ನು ಕಾಗದದ ಮೇಲೆ ಮಾಡಿಕೊಳ್ಳೋಣ. ಕೃಷ್ಣೆಯೇ ಅಲ್ಲ, ಲೆಕ್ಕಕ್ಕೆ ಒದಗುವ ಅವಳ ತಂಗಿ. ಅಗಲ 200 ಮೀಟರ್, ಆಳ 5 ಮೀಟರ್, ವೇಗ ಸೆಕೆಂಡಿಗೆ 1 ಮೀಟರ್, ಇಳಿಜಾರು ಕಿಲೋಮೀಟರಿಗೆ 10 ಸೆಂಟಿಮೀಟರ್. ಅಂದರೆ ಸೆಕೆಂಡಿಗೆ 1000 ಘನ ಮೀಟರ್ ನೀರು, ಪತ್ರಿಕೆಯ ಭಾಷೆಯಲ್ಲಿ ಸುಮಾರು 35 ಸಾವಿರ ಕ್ಯುಸೆಕ್. ಮಳೆಗಾಲದ ಸಾಧಾರಣ ಹರಿವು. ತಳದ ಉಸುಕು ಅರ್ಧ ಮಿಲಿಮೀಟರಿನದು. ಶೀಲ್ಡ್ಸ್‌ನ ಲೆಕ್ಕದಲ್ಲಿ ಈ ಉಸುಕನ್ನು ಕದಲಿಸಲು ಬೇಕಾದ ಬಲಕ್ಕಿಂತ ಸುಮಾರು 18 ಪಟ್ಟು ಬಲ ಈ ನೀರಿಗಿದೆ. ಇಷ್ಟು ನಿಧಾನವಾಗಿ, ಇಷ್ಟು ಸಪಾಟಾಗಿ ಹರಿಯುವಾಗಲೂ ತಳವೆಲ್ಲ ನಡೆಯುತ್ತಿರುತ್ತದೆ.

ಎಷ್ಟು ನಡೆಯುತ್ತದೆ? ಇಲ್ಲಿ ಸೂತ್ರಗಳ ಸಂತೆಯೇ ಇದೆ. ಉಸುಕಿನ ನದಿಗಳಿಗೆ ಹೆಚ್ಚು ಒಗ್ಗುವುದು ಡೆನ್ಮಾರ್ಕಿನ ಎಂಗೆಲುಂಡ್ ಮತ್ತು ಹಾನ್ಸೆನ್ 1967ರಲ್ಲಿ ಕೊಟ್ಟದ್ದು. ಅದನ್ನು ನಮ್ಮ ಕಾಗದದ ನದಿಗೆ ಹಚ್ಚಿದರೆ ಸೆಕೆಂಡಿಗೆ 0.026 ಘನ ಮೀಟರ್ ಗಟ್ಟಿ ಉಸುಕು ಬರುತ್ತದೆ. ಸಣ್ಣ ಸಂಖ್ಯೆ ಅನ್ನಿಸಬಹುದು. ಅದು ಸೆಕೆಂಡಿಗೆ ಸುಮಾರು 69 ಕಿಲೋ, ದಿನಕ್ಕೆ 6 ಸಾವಿರ ಟನ್. ಹತ್ತು ಟನ್ನಿನ 600 ಲಾರಿ. ಆದರೆ ಆ ಸೂತ್ರದಲ್ಲಿ ನೆನಪಿಡಬೇಕಾದದ್ದು ಈ ಸಂಖ್ಯೆಯಲ್ಲ. ಸಾಗುವ ಉಸುಕು ವೇಗದ ಐದನೆಯ ಘಾತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ವೇಗ ಹತ್ತು ಶೇಕಡಾ ಹೆಚ್ಚಾದರೆ ಉಸುಕು ಅರವತ್ತೊಂದು ಶೇಕಡಾ ಹೆಚ್ಚು. ವೇಗ ಎರಡು ಪಟ್ಟಾದರೆ ಉಸುಕು ಮೂವತ್ತೆರಡು ಪಟ್ಟು. ಇಡೀ ವರ್ಷದ ಉಸುಕಿನ ಬಹುಪಾಲು ಮಹಾಪೂರದ ಕೆಲವೇ ದಿನಗಳಲ್ಲಿ ಸಾಗಿಹೋಗುವುದು ಇದರಿಂದಲೇ. ಮುಂದೆ ಬರುವುದೆಲ್ಲ ಈ ಐದನೆಯ ಘಾತದ ಆಟ.

ಇನ್ನು ನೂರು ವರ್ಷ ಹಳೆಯ ಆ ಸಮೀಕರಣ. ಅದನ್ನು ಕೊಟ್ಟವನು ನದಿಯವನಲ್ಲ, ವಿಯೆನ್ನಾದ ಹವಾಮಾನ ತಜ್ಞ ಫೆಲಿಕ್ಸ್ ಎಕ್ಸ್ನರ್. 1920ರ ದಶಕದಲ್ಲಿ ಅವನು ಹೇಳಿದ್ದು ಇಷ್ಟೇ: ನದಿಯ ಒಂದು ತುಂಡಿಗೆ ಬಂದ ಉಸುಕಿಗಿಂತ ಹೋದದ್ದು ಕಡಿಮೆಯಾದರೆ ತಳ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಯಾವ ಕಿರಾಣಿ ಅಂಗಡಿಯ ವಹಿಯಲ್ಲೂ ಇರುವ ಜಮಾ-ಖರ್ಚು. ಇದಕ್ಕೆ ಸಮೀಕರಣ ಬೇಕೇ ಎನ್ನಿಸಬಹುದು. ಬರೆದು ನೋಡಿದರೆ ಬೇಕು ಅನ್ನಿಸುತ್ತದೆ.

ನಮ್ಮ ನದಿಯನ್ನು ಒಂದೊಂದು ಕಿಲೋಮೀಟರಿನ ತುಂಡುಗಳಾಗಿ ಕತ್ತರಿಸೋಣ. ಒಂದು ತುಂಡಿನಲ್ಲಿ ಆಳ 5 ಮೀಟರ್. ಅದರ ಕೆಳಗಿನ ತುಂಡಿನಲ್ಲಿ, ಬ್ಯಾರೇಜಿನ ಹಿನ್ನೀರು ತಾಗಿಯೋ ಏನೋ, ಆಳ 5.2 ಮೀಟರ್. ಬರೀ ಒಂದು ಗೇಣಿನ ವ್ಯತ್ಯಾಸ. ನೀರು ಅಷ್ಟೇ ಇರುವುದರಿಂದ ವೇಗ ನಾಲ್ಕು ಶೇಕಡಾ ಕಡಿಮೆ. ಐದನೆಯ ಘಾತ ಹಾಕಿದರೆ ಸಾಗುವ ಉಸುಕು 0.026ರಿಂದ 0.021ಕ್ಕೆ ಇಳಿಯಿತು. ಉಳಿದ 0.005 ಘನ ಮೀಟರ್ ಪ್ರತಿ ಸೆಕೆಂಡೂ ಆ ಕೆಳಗಿನ ತುಂಡಿನಲ್ಲಿ ಕೂರುತ್ತದೆ. ದಿನಕ್ಕೆ 432 ಘನ ಮೀಟರ್. ಕೂತ ಉಸುಕಿನ ನೂರರಲ್ಲಿ ನಲವತ್ತು ಭಾಗ ಸಂದುಗಳೇ ಆದ್ದರಿಂದ ಅದು ಆಕ್ರಮಿಸುವ ಜಾಗ 720 ಘನ ಮೀಟರ್. ಅದನ್ನು ಎರಡು ಲಕ್ಷ ಚದರ ಮೀಟರ್ ತಳಕ್ಕೆ ಹರಡಿದರೆ ದಿನಕ್ಕೆ 3.6 ಮಿಲಿಮೀಟರ್ ಏರಿಕೆ.

ಅರವತ್ತು ದಿನಕ್ಕೆ 21.6 ಸೆಂಟಿಮೀಟರ್ ಎಂದು ಗುಣಾಕಾರ ಮಾಡಿ ಮುಗಿಸಿದರೆ ತಪ್ಪಾಗುತ್ತದೆ. ತಳ ಏರಿದಂತೆ ಆಳ ಕಡಿಮೆಯಾಗುತ್ತದೆ, ವೇಗ ಹೆಚ್ಚುತ್ತದೆ, ಕೂರುವ ಉಸುಕು ಕಡಿಮೆಯಾಗುತ್ತದೆ. ತಳ 20 ಸೆಂಟಿಮೀಟರ್ ಏರಿದರೆ ಆಳ ಮತ್ತೆ 5 ಮೀಟರ್, ಜಮಾ-ಖರ್ಚು ಸರಿಸಮ, ಏರಿಕೆ ಬಂದ್. ಅಂದರೆ ಇವತ್ತಿನ ತಳ ನಾಳೆಯ ವೇಗವನ್ನು ನಿರ್ಧರಿಸುತ್ತದೆ, ನಾಳೆಯ ವೇಗ ನಾಡಿದ್ದಿನ ತಳವನ್ನು. ಒಂದೇ ಸಲಕ್ಕೆ ಉತ್ತರ ಬರೆಯುವ ಹಾಗಿಲ್ಲ. ಒಂದು ದಿನದ ಲೆಕ್ಕ ಮಾಡಿ, ತಳ ತಿದ್ದಿ, ಮತ್ತೆ ನೀರಿನ ಲೆಕ್ಕ ಮಾಡಿ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಸಾಂಖ್ಯಿಕ ಮಾದರಿ ಎಂದು ದೊಡ್ಡ ಹೆಸರಿನಲ್ಲಿ ಕರೆಯುವುದು ಇದನ್ನೇ. ಮೊದಲು ಇದೇ ಕೆಲಸವನ್ನು ಅಂಗಳದಲ್ಲಿ ಉಸುಕು ಸುರಿದು ಪುಟ್ಟ ನದಿ ಕಟ್ಟಿ ಮಾಡುತ್ತಿದ್ದರು. 1916ರಲ್ಲಿ ಶುರುವಾಗಿ ಈಗ ಪುಣೆಯ ಖಡಕವಾಸಲಾದಲ್ಲಿರುವ ಜಲ ಸಂಶೋಧನಾ ಕೇಂದ್ರ, ಕನ್ನಂಬಾಡಿಯ ಬಳಿಯ ನಮ್ಮ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಎರಡೂ ಅಂಥ ಕೆಲಸಕ್ಕೆ ಹೆಸರಾದವು. ಈಗ ಹೆಕ್-ರಾಸ್, ಡೆಲ್ಫ್ಟ್-3ಡಿ, ಟೆಲಿಮ್ಯಾಕ್‌ನಂಥ ತಂತ್ರಾಂಶಗಳನ್ನು ದುಡ್ಡು ಕೊಡದೆಯೇ ಇಳಿಸಿಕೊಳ್ಳಬಹುದು.

ಹೆಜ್ಜೆ ಎಷ್ಟು ದೊಡ್ಡದಿರಬೇಕು? ಇದಕ್ಕೂ ನಿಯಮವಿದೆ. 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ತೋರಿಸಿದ್ದು: ಒಂದು ಹೆಜ್ಜೆಯ ಸಮಯದಲ್ಲಿ ಅಲೆ ಒಂದು ತುಂಡನ್ನು ದಾಟಿ ಹೋಗಬಾರದು. ದಾಟಿದರೆ ಲೆಕ್ಕ ಹುಚ್ಚೆದ್ದು ಕುಣಿಯುತ್ತದೆ. 5 ಮೀಟರ್ ಆಳದ ನೀರಿನಲ್ಲಿ ಅಲೆಯ ವೇಗ, ಹರಿವಿನ ವೇಗ ಸೇರಿ, ಸೆಕೆಂಡಿಗೆ ಸುಮಾರು 8 ಮೀಟರ್. ಒಂದು ಕಿಲೋಮೀಟರ್ ದಾಟಲು ಎರಡು ನಿಮಿಷ. ಉಸುಕಿನ ದಿಬ್ಬ? ಐದನೆಯ ಘಾತದ ಅದೇ ಸೂತ್ರದಿಂದ ಲೆಕ್ಕ ಹಾಕಿದರೆ ನಮ್ಮ ನದಿಯಲ್ಲಿ ಅದು ದಿನಕ್ಕೆ 19 ಮೀಟರ್ ಮುಂದೆ ಹೋಗುತ್ತದೆ. ನೀರು ಅದೇ ದಿನದಲ್ಲಿ 86 ಕಿಲೋಮೀಟರ್ ಹೋಗಿರುತ್ತದೆ. ಇವತ್ತು ರಾಜಾಪುರ ದಾಟಿದ ನೀರು ವಾರದೊಳಗೆ ಆಲಮಟ್ಟಿಯಲ್ಲಿರುತ್ತದೆ. ಇವತ್ತು ರಾಜಾಪುರ ದಾಟಿದ ಉಸುಕಿನ ದಿಬ್ಬ ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಕಿಲೋಮೀಟರೂ ಕಳೆದಿರುವುದಿಲ್ಲ. ಮೇಲೆ ಅಣೆಕಟ್ಟು ಕಟ್ಟಿ ಉಸುಕು ನಿಲ್ಲಿಸಿದ ಪರಿಣಾಮ ಕೆಳಗಿನ ಊರಿಗೆ ತಟ್ಟುವಾಗ ಕಟ್ಟಿದ ತಲೆಮಾರು ನಿವೃತ್ತಿಯಾಗಿರುತ್ತದೆ. ಆದ್ದರಿಂದ ಇದು ಆ ಅಣೆಕಟ್ಟಿನಿಂದ ಆದದ್ದು ಎಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು ಸೂಕ್ಷ್ಮ ಸಂಗತಿ ಇದೆ. ನಮ್ಮ ಕಡೆಯಂಥ ಸಪಾಟು ನದಿಯಲ್ಲಿ ನೀರಿನ ಸುದ್ದಿ ಎರಡೂ ದಿಕ್ಕಿಗೆ ಹೋಗುತ್ತದೆ. ಹಿಪ್ಪರಗಿಯಲ್ಲಿ ಗೇಟು ಇಳಿಸಿದ್ದು ಮೇಲಿನ ಹಳ್ಳಿಗಳಿಗೆ ಹಿನ್ನೀರಾಗಿ ಗೊತ್ತಾಗುತ್ತದೆ. ಆದರೆ ಉಸುಕಿನ ಸುದ್ದಿ ಕೆಳಮುಖವಾಗಿ ಮಾತ್ರ ಹೋಗುತ್ತದೆ. ಆದ್ದರಿಂದ ಮಾದರಿಗೆ ಎರಡು ತುದಿಗಳಲ್ಲಿ ಬೇರೆ ಬೇರೆ ಮಾಹಿತಿ ಕೊಡಬೇಕು. ಕೆಳತುದಿಯಲ್ಲಿ ಹಿಪ್ಪರಗಿಯ ನೀರಿನ ಮಟ್ಟ. ಮೇಲ್ತುದಿಯಲ್ಲಿ ರಾಜಾಪುರದ ನೀರಿನ ಹರಿವು, ಜೊತೆಗೆ ಉಸುಕಿನ ಹರಿವು. ಮೊದಲಿನ ಎರಡು ದಿನಪತ್ರಿಕೆಯಲ್ಲೇ ಸಿಗುತ್ತವೆ. ಮೂರನೆಯದು ಇಲ್ಲದಿದ್ದರೆ ಮಾದರಿ ತಾನೇ ಒಂದನ್ನು ಊಹಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ನೀರು ಎಷ್ಟು ಹೊರಬಲ್ಲದೋ ಅಷ್ಟು ಉಸುಕು ಮೇಲಿನಿಂದ ಬರುತ್ತಿದೆ ಎಂಬ ಊಹೆ. ಮೇಲೆ ಇಷ್ಟೊಂದು ಅಣೆಕಟ್ಟು ಇರುವ ನದಿಗೆ ಇದಕ್ಕಿಂತ ಉದಾರವಾದ ಊಹೆ ಇನ್ನೊಂದಿಲ್ಲ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಚೆನ್ನಾಗಿಯೇ ಬರುತ್ತದೆ.

ಈಗ ನದಿಯಲ್ಲೊಂದು ಗುಂಡಿ ತೋಡೋಣ. 3 ಮೀಟರ್ ಆಳ, 500 ಮೀಟರ್ ಉದ್ದ, ನದಿಯ ಪೂರ್ತಿ ಅಗಲ. ಗುಂಡಿಯ ಮೇಲೆ ಆಳ 8 ಮೀಟರ್ ಆಯಿತು, ವೇಗ 1ರಿಂದ 0.625ಕ್ಕೆ ಬಿತ್ತು. ಐದನೆಯ ಘಾತ ತೆಗೆದರೆ ಉಸುಕು ಹೊರುವ ಶಕ್ತಿ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬಂದ ಉಸುಕಿನ ತೊಂಬತ್ತು ಶೇಕಡಾ ಗುಂಡಿಯ ಮೇಲಂಚಿನಲ್ಲೇ ಬೀಳುತ್ತದೆ, ದಿನಕ್ಕೆ ಸುಮಾರು 3,400 ಘನ ಮೀಟರ್. ಮೂರು ಲಕ್ಷ ಘನ ಮೀಟರಿನ ಗುಂಡಿ ಈ ಗತಿಯಲ್ಲೇ ತುಂಬಿದರೂ ಮೂರು ತಿಂಗಳು, ಅಂದರೆ ಹೆಚ್ಚೂಕಡಿಮೆ ಒಂದು ಮಳೆಗಾಲ ಬೇಕು. ದೀಪಾವಳಿಯ ಹೊತ್ತಿಗೆ ಬಂದು ನೋಡಿದರೆ ಗುಂಡಿ ಬಹುಪಾಲು ಮಾಯ. ಉಸುಕು ತೆಗೆದವನು ಹೇಳುತ್ತಾನೆ, ನೋಡ್ರಿ ಸಾಹೇಬ್ರ, ಹೊಳಿ ತಾನs ತುಂಬಿಸ್ಕೊಂಡೈತಿ. ಅವನು ಹೇಳುವುದು ಸುಳ್ಳಲ್ಲ. ಆದರೆ ಆ ಮೂರು ತಿಂಗಳು ಗುಂಡಿಯಿಂದ ಹೊರಬಿದ್ದ ನೀರಿನಲ್ಲಿ ಹೆಚ್ಚು ಉಸುಕಿರಲಿಲ್ಲ. ಹೊರಬಿದ್ದ ಕೂಡಲೇ ಅದು ತನ್ನ ಮೊದಲಿನ ವೇಗ ಪಡೆಯಿತು, ಹೊರುವ ಶಕ್ತಿ ಪಡೆಯಿತು, ಹೊರಲು ಕೆಳಗಿನ ತಳವನ್ನೇ ಕಿತ್ತಿತು. ಗುಂಡಿ ತುಂಬಿದಷ್ಟೇ ಉಸುಕು ಕೆಳಗೆ ಖಾಲಿಯಾಯಿತು. ಮೇಲಂಚಿನಲ್ಲೂ ಸಮಾಧಾನವಿಲ್ಲ. ಗುಂಡಿಯ ಆಳದಲ್ಲಿ ಘರ್ಷಣೆ ಕಡಿಮೆಯಾಗಿ ನೀರಿನ ಮಟ್ಟ ತುಸು ತಗ್ಗುತ್ತದೆ, ಆ ತಗ್ಗಿನ ಸುದ್ದಿ ಮೇಲಕ್ಕೆ ಹೋಗುತ್ತದೆ, ಅಲ್ಲಿ ವೇಗ ಹೆಚ್ಚಿ ಅಲ್ಲಿಯ ತಳವೂ ಕೊರೆಯುತ್ತದೆ. ಗುಂಡಿ ಒಂದೇ ಕಡೆ ತೋಡಿದ್ದು, ಸೇತುವೆಯ ಕಂಬದ ಬುಡ ಬಯಲಾಗುವುದು ಇನ್ನೊಂದು ಕಡೆ.

ಇದು ಕಾಗದದ ಮೇಲಿನ ವಿಚಾರವಲ್ಲ. ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿಯಲ್ಲಿ, ಐದು ಹೆಕ್ಟೇರಿಗಿಂತ ಸಣ್ಣ ಉಸುಕಿನ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. 2016ರ, ಆಮೇಲೆ 2020ರ ಕೇಂದ್ರದ ಮಾರ್ಗಸೂಚಿಗಳು ಮರುಪೂರಣದ ಅಧ್ಯಯನ ಕೇಳಿದವು. ವರ್ಷಕ್ಕೆ ನದಿ ಎಷ್ಟು ಉಸುಕು ತಂದು ಹಾಕುತ್ತದೋ ಅದರೊಳಗೆ ಮಾತ್ರ ತೆಗೆಯಬೇಕು ಎಂಬುದು ಅವುಗಳ ಸಾರ. ಒಳ್ಳೆಯ ನಿಯಮ. ಆದರೆ ಮಳೆಗಾಲದ ಮೊದಲು, ಆಮೇಲೆ ಗುತ್ತಿಗೆಯ ತುಂಡನ್ನಷ್ಟೇ ಅಳೆದರೆ ಮೇಲಿನ ಗುಂಡಿಯ ಕಥೆಯೇ ಆಗುತ್ತದೆ. ಅಲ್ಲಿ ತುಂಬಿದ್ದು ಕಾಣುತ್ತದೆ, ಐದು ಕಿಲೋಮೀಟರ್ ಕೆಳಗೆ ಬರಿದಾದದ್ದು ಕಾಣುವುದಿಲ್ಲ. ಹತ್ತು ಗುತ್ತಿಗೆದಾರರು ಒಂದೇ ಉಸುಕನ್ನು ಹತ್ತು ಸಲ ಮರುಪೂರಣವೆಂದು ತೋರಿಸಬಹುದು, ಯಾರೂ ಸುಳ್ಳು ಹೇಳದೆಯೇ. ನನ್ನ ದೃಷ್ಟಿಯಲ್ಲಿ ಸಾಂಖ್ಯಿಕ ಮಾದರಿಯ ನಿಜವಾದ ಉಪಯೋಗ ಇಲ್ಲಿದೆ. ಅದು ಇಡೀ ಹೊಳೆಗೆ ಒಂದೇ ವಹಿ ಇಡುತ್ತದೆ.

ಮೇಲಿನ ಅಣೆಕಟ್ಟುಗಳ ಪರಿಣಾಮವನ್ನೂ ಇದೇ ಕಾಗದದ ನದಿಯಲ್ಲಿ ನೋಡಬಹುದು. ನೀರು ಅಷ್ಟೇ ಇದೆ, ಬರುವ ಉಸುಕು ಮಾತ್ರ ಅರ್ಧವಾಯಿತು ಎನ್ನೋಣ. ನದಿ ಈಗ ಕಡಿಮೆ ಹೊರೆಗೆ ತಕ್ಕಂತೆ ತನ್ನ ಇಳಿಜಾರನ್ನು ತಗ್ಗಿಸಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಕಿಲೋಮೀಟರಿಗೆ 10 ಸೆಂಟಿಮೀಟರ್ ಇದ್ದ ಇಳಿಜಾರು 6.6 ಸೆಂಟಿಮೀಟರಿಗೆ ಬಂದು ನಿಲ್ಲಬೇಕು, ಆಳ 5.74 ಮೀಟರ್ ಆಗಬೇಕು. ಕೆಳತುದಿಯ ನೀರಿನ ಮಟ್ಟ ಬದಲಾಗದು ಎಂದು ಹಿಡಿದರೆ, 50 ಕಿಲೋಮೀಟರ್ ಮೇಲೆ ತಳ ಸುಮಾರು ಎರಡೂವರೆ ಮೀಟರ್ ಇಳಿಯಬೇಕು. ಆ ಉದ್ದಕ್ಕೂ ಕಿತ್ತುಹೋಗಬೇಕಾದ ಉಸುಕು 1.6 ಕೋಟಿ ಘನ ಮೀಟರ್. ವರ್ಷಕ್ಕೆ ತೊಂಬತ್ತು ದಿನದ ಮಳೆಗಾಲದ ಹರಿವಿನಲ್ಲಿ ನದಿ ತಾನೇ ಅಷ್ಟನ್ನು ಒಯ್ಯಲು ನೂರು ವರ್ಷಕ್ಕಿಂತ ಹೆಚ್ಚು ಬೇಕು. ಜೆಸಿಬಿಗೆ ಅಷ್ಟು ವರ್ಷ ಬೇಡ.

ಆದರೆ ಈ ಲೆಕ್ಕದಲ್ಲಿ ತಳದಲ್ಲಿ ಬೇಕಾದಷ್ಟು ಉಸುಕು ಇದೆ ಎಂಬ ನಂಬಿಕೆ ಅಡಗಿದೆ. ರಾಯಬಾಗ, ಅಥಣಿ, ಕಾಗವಾಡದ ಕಡೆ ಆ ನಂಬಿಕೆಯನ್ನು ಇಟ್ಟುಕೊಂಡರೆ ಕೆಡುತ್ತೇವೆ. ಇದು ದಖ್ಖನಿನ ಬೆಸಾಲ್ಟ್ ನೆಲ. ಬೆಸಾಲ್ಟಿನಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಅದು ಸವೆದರೆ ಉಸುಕಾಗುವುದಕ್ಕಿಂತ ಹೆಚ್ಚು ಜೇಡಿಯಾಗುತ್ತದೆ, ನಮ್ಮ ಯರಿ ಮಣ್ಣು ಹುಟ್ಟಿದ್ದೇ ಹಾಗೆ. ಕರ್ನಾಟಕದ ಬೇರೆ ನದಿಗಳಿಗೆ ಗ್ರಾನೈಟು, ನೈಸು ಉಸುಕು ಒದಗಿಸುವಂತೆ ಇಲ್ಲಿ ಬಂಡೆ ಒದಗಿಸುವುದಿಲ್ಲ. ಗೋಕಾಕ ಜಲಪಾತ ದಾಟಿ ಬರುವ ಘಟಪ್ರಭೆಗೆ ಮರಳುಗಲ್ಲಿನ ಪಾಲಾದರೂ ಇದೆ. ಕೃಷ್ಣೆಯ ತಳದಲ್ಲಿ ಉಸುಕಿನ ಪದರ ಎಲ್ಲೋ ದಪ್ಪ, ಎಲ್ಲೋ ತೆಳು, ಎಷ್ಟೋ ಕಡೆ ಕರಿಬಂಡೆಯೇ ತಲೆ ಎತ್ತಿದೆ. ಬಂಡೆ ತಾಗಿದಲ್ಲಿ ಕೊರೆತ ನಿಲ್ಲಬೇಕು. ಮಾದರಿಗೆ ಅದನ್ನು ಹೇಳಿಕೊಡಬೇಕು, ಇಲ್ಲದಿದ್ದರೆ ಅದು ಬಂಡೆಯನ್ನೂ ಉಸುಕೆಂದು ಭಾವಿಸಿ ಕೊರೆಯುತ್ತಾ ಹೋಗುತ್ತದೆ. ಎರಡೂವರೆ ಮೀಟರ್ ಇಳಿಯಬೇಕಾದ ತಳ ಅರ್ಧ ಮೀಟರಿಗೇ ಬಂಡೆ ಮುಟ್ಟಿದರೆ, ಉಸುಕಿನ ಹಸಿವು ತೀರದ ನೀರು ದಂಡೆಯ ಮೇಲೆ ಬೀಳುತ್ತದೆ. ಕಬ್ಬಿನ ಹೊಲ ಕುಸಿಯುವುದು ಆಗ.

ಜೇಡಿಯ ವ್ಯವಹಾರವೇ ಬೇರೆ. 0.2 ಮಿಲಿಮೀಟರಿನ ಉಸುಕಿನ ಕಾಳು ನಿಂತ ನೀರಿನಲ್ಲಿ 5 ಮೀಟರ್ ಇಳಿಯಲು ನಾಲ್ಕೈದು ನಿಮಿಷ ಸಾಕು. 0.002 ಮಿಲಿಮೀಟರಿನ ಜೇಡಿಯ ಕಣಕ್ಕೆ, ಒಂದಕ್ಕೊಂದು ಅಂಟಿಕೊಳ್ಳದಿದ್ದರೆ, 16 ದಿನ ಬೇಕು. ಮಳೆಗಾಲದ ಕೃಷ್ಣೆಯ ಕೆಂಗಪ್ಪು ಬಣ್ಣವೆಲ್ಲ ಈ ಜೇಡಿಯದೇ. ಅದು ತಳಕ್ಕೆ ಸಂಬಂಧವಿಲ್ಲದಂತೆ ನೀರಿನ ಜೊತೆಗೇ ತೇಲಿ ಹೋಗುತ್ತದೆ. ಈ ಎರಡನ್ನು ಬೇರೆ ಬೇರೆ ಲೆಕ್ಕದಲ್ಲಿ ಇಡಬೇಕೆಂದು ಗಟ್ಟಿಯಾಗಿ ವಾದಿಸಿದವನು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್, ಪ್ರಸಿದ್ಧ ಐನ್‌ಸ್ಟೈನರ ಮಗ, ಬರ್ಕ್ಲಿಯಲ್ಲಿ ನದಿ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದವ. ನೀರು ಕದಡಿದೆ ಎಂದ ಮಾತ್ರಕ್ಕೆ ಉಸುಕು ಬರುತ್ತಿದೆ ಎಂದಲ್ಲ.

ಕೇಂದ್ರ ಜಲ ಆಯೋಗ ಕುರುಂದವಾಡ, ಸದಲಗಾದಂಥ ಕೇಂದ್ರಗಳಲ್ಲಿ ನದಿಯನ್ನು ಅಳೆಯುತ್ತದೆ. ಆಯೋಗದ ಪದ್ಧತಿಯಲ್ಲಿ ನೀರಿನ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಬಾಟಲಿ ಇಳಿಸಿ ಮಾದರಿ ತೆಗೆದು, 0.2 ಮಿಲಿಮೀಟರಿಗಿಂತ ದಪ್ಪನೆಯದು, 0.075ರವರೆಗಿನ ನಡುವಣದು, ಅದಕ್ಕಿಂತ ನಯವಾದದ್ದು ಎಂದು ಮೂರು ಪಾಲು ಮಾಡುತ್ತಾರೆ. ತಳಕ್ಕಂಟಿಕೊಂಡು ಉರುಳುವ ಉಸುಕು ಈ ಬಾಟಲಿಗೆ ಸಿಗುವುದಿಲ್ಲ. ಅದನ್ನು ತೇಲುವುದರ ಇಷ್ಟು ಶೇಕಡಾ ಎಂದು ಸೇರಿಸಿಕೊಳ್ಳುವ ರೂಢಿ. ಸೂತ್ರಗಳೂ ಅಷ್ಟರಲ್ಲೇ ಇವೆ. ಅಳತೆಯ ಅರ್ಧದಿಂದ ಎರಡು ಪಟ್ಟಿನೊಳಗೆ ಉತ್ತರ ಬಂದರೆ ಈ ವಿದ್ಯೆಯಲ್ಲಿ ಅದು ಒಳ್ಳೆಯ ಉತ್ತರ. ನೀರಿನ ಅಂಕಿಯೂ ನಾವು ತಿಳಿದಷ್ಟು ಚೊಕ್ಕವಲ್ಲ. ಕ್ಯುಸೆಕ್ಕನ್ನು ದಿನವೂ ಅಳೆಯುವುದಕ್ಕಿಂತ ಹೆಚ್ಚಾಗಿ, ಮಟ್ಟ ನೋಡಿ ಹಳೆಯ ಅಳತೆಗಳ ರೇಖೆಯಿಂದ ಓದುತ್ತಾರೆ. ತಳ ಅರ್ಧ ಮೀಟರ್ ಇಳಿದರೆ ಅದೇ ಮಟ್ಟಕ್ಕೆ ಹೆಚ್ಚು ನೀರು. ಮಹಾಪೂರ ಏರುವಾಗ ತಳದಲ್ಲಿ ಉಸುಕಿನ ಅಲೆಗಳೆದ್ದು ನೀರನ್ನು ತಡೆಯುತ್ತವೆ, ರಭಸ ಇನ್ನೂ ಹೆಚ್ಚಾದರೆ ಅವೇ ಅಳಿಸಿಹೋಗಿ ತಳ ನುಣುಪಾಗುತ್ತದೆ. ತಳದ ಲೆಕ್ಕವಿಲ್ಲದೆ ನೀರಿನ ಲೆಕ್ಕವೂ ಪೂರ್ತಿಯಾಗದು. ಮಾದರಿಯ ತಂತ್ರಾಂಶಕ್ಕಿಂತ ಮೊದಲು ಬೇಕಾದದ್ದು, ಪ್ರತಿ ವರ್ಷ ಅದೇ ಗೆರೆಗಳ ಮೇಲೆ ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ತಳ ಅಳೆದ ದಾಖಲೆ. ಎರಡೂ ದಂಡೆಯಲ್ಲಿ ಕಲ್ಲು ನೆಟ್ಟು, ದೋಣಿಯಲ್ಲಿ ಆಳಮಾಪಕ ಇಟ್ಟುಕೊಂಡು ಹೋದರೆ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಆಗುವ ಕೆಲಸ ಅದು.

ಹೂಳು ಅಳೆದ ಕಡೆ ಏನು ಕಂಡಿದೆ ಎಂಬುದಕ್ಕೆ ತುಂಗಭದ್ರೆ ಸಾಕ್ಷಿ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 2016ರ ಸಮೀಕ್ಷೆಯಲ್ಲಿ 105.788ಕ್ಕೆ ಇಳಿದಿತ್ತು. ಹೂಳು ಗೋಡೆಯ ಬುಡದಲ್ಲಷ್ಟೇ ಕೂರುವುದಿಲ್ಲ. ದಪ್ಪ ಉಸುಕು ಹಿನ್ನೀರಿನ ಬಾಯಲ್ಲೇ ನಿಲ್ಲುತ್ತದೆ, ಅಲ್ಲಿಂದ ನದಿಯ ತಳವನ್ನು ಮೇಲ್ಮುಖವಾಗಿ ಏರಿಸುತ್ತಾ ಹೋಗುತ್ತದೆ. ಚೀನಾದ ಹಳದಿ ನದಿಯ ಮೇಲೆ ಸಾನ್‌ಮೆನ್‌ಶಿಯಾ ಅಣೆಕಟ್ಟಿನಲ್ಲಿ 1960ರಲ್ಲಿ ನೀರು ನಿಲ್ಲಿಸಿದ ಎರಡೇ ವರ್ಷದಲ್ಲಿ ಮೇಲಿನ ಟೋಂಗ್‌ಗ್ವಾನ್ ಬಳಿ ತಳ ನಾಲ್ಕು ಮೀಟರಿಗೂ ಹೆಚ್ಚು ಏರಿ, ಉಪನದಿ ವೇಯ್ ಹಿಂದಕ್ಕೆ ಉಬ್ಬಿ, ಷಿಯಾನ್ ನಗರದ ಕಡೆಗೇ ಪ್ರವಾಹದ ಭಯ ಬಂತು. ಅಣೆಕಟ್ಟಿನ ಎಡದಂಡೆಯಲ್ಲಿ ಹೊಸ ಸುರಂಗ ಕೊರೆದು ಹೂಳು ಬಿಡಬೇಕಾಯಿತು. ಹಳದಿ ನದಿಯ ಹೂಳಿನ ಮುಂದೆ ಕೃಷ್ಣೆಯದು ಲೆಕ್ಕಕ್ಕೇ ಇಲ್ಲ, ಅದನ್ನು ಇಲ್ಲಿಗೆ ಹಾಗೇ ತಂದು ಹೆದರಿಸುವುದು ತಪ್ಪು. ಆದರೆ ಆ ಪಾಠ ತಳವನ್ನು ಕಲ್ಲೆಂದು ಹಿಡಿಯುವ ಲೆಕ್ಕಕ್ಕೆ ಅನ್ವಯಿಸುತ್ತದೆ.

ಆಲಮಟ್ಟಿಯ ಎತ್ತರದ ಜಗಳ ನೋಡಿ. ಈಗಿನ ಪೂರ್ಣ ಮಟ್ಟ 519.60 ಮೀಟರ್. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್. ಹಿಪ್ಪರಗಿಯ ಮಟ್ಟಕ್ಕೂ ಇದಕ್ಕೂ ವ್ಯತ್ಯಾಸ 60 ಸೆಂಟಿಮೀಟರಿನ ಆಸುಪಾಸು. ಇದರಿಂದ ಸಾಂಗ್ಲಿ ಮುಳುಗುತ್ತದೆ ಎಂದು ಮಹಾರಾಷ್ಟ್ರದಲ್ಲಿ ಕೂಗು. ಮಹಾರಾಷ್ಟ್ರ ಸರ್ಕಾರವೇ 2019ರ ಮಹಾಪೂರದ ಮೇಲೆ ನೇಮಿಸಿದ ವಡನೇರೆ ಸಮಿತಿ 2020ರ ವರದಿಯಲ್ಲಿ ಆಲಮಟ್ಟಿಯ ಮೇಲೆ ನೇರ ಹೊಣೆ ಹೊರಿಸಲಿಲ್ಲ. ಎರಡೂ ಕಡೆಯ ವಾದಗಳಲ್ಲಿ ಹಿನ್ನೀರಿನ ರೇಖೆ ಎಳೆಯುವುದು ಇವತ್ತಿನ ತಳದ ಮೇಲೆ. ಇವತ್ತಿನ ಮಟ್ಟಿಗೆ ಅದು ಸರಿಯಾದ ಲೆಕ್ಕ. ಆದರೆ ಗೇಟು ಎತ್ತರವಾದ ಮೇಲಿನ ಮೂವತ್ತನೆಯ ವರ್ಷದಲ್ಲಿ ತಳ ಇವತ್ತಿನದಾಗಿರುವುದಿಲ್ಲ. ಮೇಲಿನ ಅಣೆಕಟ್ಟುಗಳು ಉಸುಕು ತಡೆದು ಅದನ್ನು ಇಳಿಸುತ್ತಿವೆ, ಉಸುಕು ಎತ್ತುವವರೂ ಇಳಿಸುತ್ತಿದ್ದಾರೆ, ಕೆಳಗಿನ ಹಿನ್ನೀರು ಏರಿಸುತ್ತದೆ. ಯಾವುದು ಎಲ್ಲಿ ಗೆಲ್ಲುತ್ತದೆ ಎಂಬುದು ಗೇಟುಗಳನ್ನು ಯಾವ ತಿಂಗಳಲ್ಲಿ ಇಳಿಸುತ್ತಾರೆ ಎಂಬುದರ ಮೇಲೂ ನಿಂತಿದೆ. ಮಹಾಪೂರದ ನೀರು ಉಸುಕಿನ ಸಮೇತ ಹೋಗಲು ಬಿಟ್ಟು ಸೆಪ್ಟೆಂಬರಿನಲ್ಲಿ ತುಂಬಿಸಿಕೊಂಡರೆ ಒಂದು ತಳ, ಜುಲೈನಲ್ಲೇ ತುಂಬಿಸಿಕೊಂಡರೆ ಇನ್ನೊಂದು. ಕರಾಡದಿಂದ ಆಲಮಟ್ಟಿಯವರೆಗೆ, ಬಂಡೆಯ ಮಟ್ಟ ತುಂಬಿ, ಉಸುಕಿನ ಹರಿವನ್ನು ಪೂರ್ತಿ, ಅರ್ಧ, ಕಾಲು ಎಂದು ಮೂರು ಸಲ ಬದಲಿಸಿ, ಎರಡು ಬಗೆಯ ಗೇಟು ವೇಳಾಪಟ್ಟಿಯಲ್ಲಿ ಮೂವತ್ತು ಮೂವತ್ತು ವರ್ಷ ಮಾದರಿಯನ್ನು ಓಡಿಸಬೇಕು. ಆರು ಓಟಗಳು. ಉದ್ದಕ್ಕಷ್ಟೇ ಲೆಕ್ಕ ಹಾಕುವ ಮಾದರಿಯಾದರೆ ಈಗಿನ ಒಂದು ಸಾಧಾರಣ ಕಂಪ್ಯೂಟರಿಗೆ ಅದು ಭಾರವಲ್ಲ.